ಒಂದು ವರ್ಷ ಮೊದಲೇ ಸತ್ತ ಅಜ್ಜ

ಆ ಮಧ್ಯಾಹ್ನ ನನಗೆ ಯಾರ ಮುಖ ನೋಡುವುದೂ ಬೇಕಿರಲಿಲ್ಲ. ಬೆಳಗಿನಿಂದ ಒಂದು ಜಮೀನಿನ ದಾವೆಯ ಉರ್ದು ಕಾಗದಗಳ ಮೇಲೆ ಬಗ್ಗಿ ಕುಳಿತು ಸೊಂಟ ಹಿಡಿದುಹೋಗಿತ್ತು. ಬಲಗಣ್ಣಿನ ಪೊರೆ ತೆಗೆಸಿ ಎರಡು ತಿಂಗಳಾಗಿತ್ತು, ಎಡಗಣ್ಣಿನದು ಇನ್ನೂ ಬಾಕಿ. ನಾನು ಬೀದರದ ಕಡೆಯವಳು. ಹೈದರಾಬಾದಿನಲ್ಲಿ ಇಪ್ಪತ್ತೈದು ವರ್ಷದಿಂದ ಮಾಡುತ್ತಿರುವ ಕೆಲಸ ಇಷ್ಟೇ: ನಿಜಾಮರ ಕಾಲದ ಉರ್ದು, ಫಾರಸಿ ಕಾಗದಗಳನ್ನು ಓದುವುದು, ತರ್ಜುಮೆ ಮಾಡುವುದು, ಕೆಳಗೆ ಸಹಿ ಹಾಕಿ ಮೊಹರು ಒತ್ತುವುದು. ಬರುವವರೆಲ್ಲ ವಕೀಲರು, ಇಲ್ಲವೇ ಜಮೀನಿನ ಜಗಳದವರು. ಅವರಿಗೆ ಸರ್ವೆ ನಂಬರು ಗೊತ್ತಾದರೆ ಸಾಕು, ನನಗೂ ಸಾಕು.

ಅಂದು ಮೆಟ್ಟಿಲು ಹತ್ತಿ ಬಂದದ್ದು ಎಂಬತ್ತರ ಹತ್ತಿರದ ಒಬ್ಬ ಹೆಂಗಸು. ಉಪ್ಪಲ್‌ನಿಂದ ಮೆಟ್ರೋದಲ್ಲಿ ಒಬ್ಬರೇ ಬಂದಿದ್ದರು. ನೀರು ಕೊಟ್ಟೆ. ಅರ್ಧ ಕುಡಿದು, ಚೀಲದಿಂದ ದಪ್ಪ ರಟ್ಟಿನ ಪುಸ್ತಕವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅವರ ಮನೆತನದ ವಂಶಾವಳಿ. ಅವರ ಅಜ್ಜನ ಅಣ್ಣನ ಮೊಮ್ಮಗ, ನಿವೃತ್ತ ಎಂಜಿನಿಯರು, ಊರೂರು ತಿರುಗಿ ಮಾಡಿಸಿದ್ದಂತೆ. ತಮ್ಮ ತಂದೆಯ ಹೆಸರಿರುವ ಪುಟವನ್ನು ತೆರೆದು ಕೆಳಗಿನ ಸಣ್ಣ ಅಕ್ಷರದ ಸಾಲಿನ ಮೇಲೆ ಬೆರಳಿಟ್ಟರು.

"ಇದನ್ನ ಓದಿ ಹೇಳ್ರಿ. ಇದರ ಅರ್ಥ ಏನು?"

ಓದಿದೆ. 'ಇವರ ಜನನವು ತಂದೆಯ ಮರಣದ ಒಂದು ವರ್ಷದ ನಂತರದ್ದಾಗಿ ಕಂಡುಬರುವುದರಿಂದ ಈ ಶಾಖೆಯ ಬಗ್ಗೆ ಖಚಿತವಾಗಿ ಹೇಳಲಾಗುವುದಿಲ್ಲ.'

ಅರ್ಥ ನನಗೂ ಆಯಿತು, ಅವರಿಗೂ ಆಗಿತ್ತು.

"ನಮ್ಮಜ್ಜಿ ಎಂಥಾಕಿ ಅಂತ ನೂರು ವರ್ಷದ ಮ್ಯಾಲ ಅಚ್ಚು ಹಾಕ್ಸ್ಯಾರ ನೋಡ್ರಿ," ಎಂದರು. ದನಿ ಏರಿರಲಿಲ್ಲ, ಆದರೆ ಬೆರಳನ್ನು ಆ ಸಾಲಿನಿಂದ ತೆಗೆಯಲಿಲ್ಲ.

ಇವರನ್ನು ನಾನು, ನಮ್ಮ ಕಡೆ ಚಿಕ್ಕಮ್ಮನಿಗೆ ಅನ್ನುವಂತೆ, ಕಾಕೂ ಎಂದೇ ಕರೆಯತೊಡಗಿದೆ, ಇಲ್ಲೂ ಹಾಗೇ ಕರೆಯುತ್ತೇನೆ. ಕಾಕು ಹೇಳಿದ್ದು ಹೀಗೆ. ಅವರ ಅಜ್ಜ ಹೈದರಾಬಾದಿನ ಒಂದು ಸರಕಾರಿ ದಫ್ತರದಲ್ಲಿ ಗುಮಾಸ್ತ. ಅಜ್ಜಿ ಚೊಚ್ಚಲ ಹೆರಿಗೆಗೆಂದು ರಾಯಚೂರು ಕಡೆಯ ತವರಿಗೆ ಹೋಗಿದ್ದಳು. ಅಜ್ಜ ಇಲ್ಲಿಯೇ ತೀರಿಕೊಂಡ. ಮಗ ನಾಲ್ಕು ವರ್ಷದವನಿದ್ದಾಗ ಅಜ್ಜಿಯೂ ಹೋದಳು, ಸೋದರಮಾವ ಬೆಳೆಸಿದ. ಹಾಗಾಗಿ ಅಜ್ಜ ಸತ್ತ ತಿಥಿ ಯಾರಿಗೂ ಗೊತ್ತಿಲ್ಲ. ತಿಥಿ ಗೊತ್ತಿಲ್ಲದವರಿಗೆಲ್ಲ ಮಾಡುವಂತೆ ಮಹಾಲಯ ಅಮಾವಾಸ್ಯೆಯ ದಿನ ಅವನಿಗೂ ಎಳ್ಳುನೀರು ಬಿಡುತ್ತ ಬಂದಿದ್ದರು. ಮೊದಲು ಇವರ ತಂದೆ, ಆಮೇಲೆ ಇವರ ಅಣ್ಣ.

"ನಮ್ಮಣ್ಣ ಮಾಸ್ತರ ಇದ್ದಾವ್ರಿ. ಲೆಕ್ಕಾ ಅಂದ್ರ ಲೆಕ್ಕಾ. ಈ ಸಾಲು ಓದಿದ ಮ್ಯಾಲ ಅಜ್ಜನ ಹೆಸರಿಲೆ ಪಕ್ಷಾ ಮಾಡೂದು ಬಿಟ್ಟಾನ. ಅವಗ ನಾವು ಮೊಮ್ಮಕ್ಕಳೇ ಅಲ್ಲಾಂದ್ರ ನಾ ಯಾವ ಬಾಯಿಲೆ ಅವನ ಹೆಸರು ಹೇಳ್ಲಿ ಅಂತಾನ. ಎರಡು ಅಮಾಸಿ ಹಂಗ ಹೋದ್ವು. ಯಾರ ಮನೀಗೂ ಹೋಗಂಗಿಲ್ಲ, ಯಾರರ ಬಂದ್ರ ಒಳಗ ಹೋಗಿ ಕುಂದರ್ತಾನ. ಎಂಬತ್ನಾಕು ವಯಸ್ಸು ಅವಂದು. ಈ ಅಮಾಸಿನೂ ಹಂಗ ಹೋತಂದ್ರ ಕೊರಗಿ ಕೊರಗಿ ಸಾಯ್ತಾನ್ರಿ."

ಕಾಕುವಿನ ತಂದೆ ಹುಟ್ಟಿದ ದಿನದ ಬಗ್ಗೆ ಅನುಮಾನವಿರಲಿಲ್ಲ. ಜಾತಕ ಇತ್ತು, ೧೯೧೮ರ ನವರಾತ್ರಿ. ಅಜ್ಜನ ಸಾವಿಗೆ ಇದ್ದದ್ದು ಒಂದೇ ಕಾಗದ: ಇಂಥ ಗುಮಾಸ್ತ ಫೌತಿಯಾಗಿದ್ದಾನೆ ಎಂದು ದಫ್ತರದವರು ಊರಿಗೆ ಕಳಿಸಿದ ಉರ್ದು ಪತ್ರ. ಟ್ರಂಕಿನ ತಳದಲ್ಲಿದ್ದ ಅದನ್ನು, ಪುಸ್ತಕಕ್ಕೆ ಬೇಕಾಗಬಹುದೆಂದು, ಕಾಕುವೇ ಎಂಜಿನಿಯರಿಗೆ ಕೊಟ್ಟಿದ್ದರು. "ನನ್ನ ಕೈಯಾರೆ ಕೊಟ್ಟೆ," ಎಂದು ಎರಡು ಸಲ ಹೇಳಿದರು. ಎಂಜಿನಿಯರು ಅದನ್ನು ತರ್ಜುಮೆ ಮಾಡಿಸಿದ್ದರು. ಕಾಕು ಮೂಲ ಕಾಗದವನ್ನೂ ತರ್ಜುಮೆಯ ಪ್ರತಿಯನ್ನೂ ನನ್ನ ಮುಂದಿಟ್ಟರು.

ಕೆಳಗಿದ್ದದ್ದು ನನ್ನ ಸಹಿ, ನನ್ನ ಮೊಹರು.

ನನಗೆ ನೆನಪೇ ಇರಲಿಲ್ಲ. ಮೂರು ವರ್ಷದ ಹಿಂದೆ ಯಾರೋ ಫೋನಿನಲ್ಲಿ ಫೋಟೋ ಕಳಿಸಿದ್ದಿರಬೇಕು, ಐದು ಸಾಲಿನ ಕಾಗದ, ಚಹಾ ಕುಡಿಯುತ್ತ ಮುಗಿಸಿರುತ್ತೇನೆ. 'ಅಬಾನ್ ತಿಂಗಳು, ಫಸಲಿ ೧೩೨೭' ಎಂದು ಬರೆದು ಪಕ್ಕದಲ್ಲಿ ೧೯೧೭ ಎಂದು ಹಾಕಿದ್ದೆ. ಫಸಲಿ ಎಂದರೆ ನಿಜಾಮರ ಸರಕಾರದ ವರ್ಷದ ಲೆಕ್ಕ, ತಿಂಗಳುಗಳಿಗೆಲ್ಲ ಫಾರಸಿ ಹೆಸರು. ಅದಕ್ಕೆ ಐನೂರ ತೊಂಬತ್ತು ಕೂಡಿಸಿದರೆ ಇಸವಿ ಬರುತ್ತದೆಂದು ಈ ಊರಿನ ವಕೀಲರ ಕಾರಕೂನರಿಗೂ ಬಾಯಿಪಾಠ. ಮೂಲ ಕಾಗದವನ್ನು ಮತ್ತೆ ಓದಿದೆ. ಅಬಾನ್, ೧೩೨೭. ಅಕ್ಷರ ಸ್ಪಷ್ಟ ಇತ್ತು.

"ಕಾಗದದಾಗ ಇದ್ದದ್ದನ್ನೇ ಬರದೀನಿ ಕಾಕೂ," ಎಂದೆ. ಸ್ವಲ್ಪ ಬಿರುಸಾಗಿಯೇ ಎಂದೆ. ನನ್ನ ಓದಿನಲ್ಲಿ ತಪ್ಪು ಹುಡುಕಲು ಬಂದಿದ್ದಾರೆಂದು ಸಿಟ್ಟು ಬಂದಿತ್ತು.

"ನೀವು ತಪ್ಪು ಬರದೀರಿ ಅಂತ ನಾ ಎಲ್ಲಿ ಅಂದೆನ್ರಿ? ದಫ್ತರದವ್ರೇ ಬ್ಯಾರೆ ಯಾರದೋ ಹೆಸರಿಗೆ ಬರದಿರಬಹುದಲ್ಲ. ಅದನ್ನರ ಹುಡುಕಿ ನೋಡ್ರಿ."

ಆ ಕೊನೆಯ ಮಾತಿಗೆ ಸೋತೆ. ಅಮಾವಾಸ್ಯೆಗೆ ಆರು ವಾರವಿತ್ತು. ಆಯಿತು ಎಂದೆ.

ಹಳೆಯ ಸರಕಾರಿ ಕಾಗದಗಳ ಭಂಡಾರದಲ್ಲಿ ಕೆಲಸ ಮಾಡುವುದೆಂದರೆ ಅರ್ಧ ಕಾಯುವುದು, ಅರ್ಧ ಸೀನುವುದು. ಪಟ್ಟಿ ನೋಡಿ ಚೀಟಿ ಬರೆಯಬೇಕು. ಚೀಟಿ ಒಳಗೆ ಹೋಗುತ್ತದೆ. ಒಂದು ತಾಸಿನ ಮೇಲೆ ಬಟ್ಟೆಯಲ್ಲಿ ಕಟ್ಟಿದ ಬಸ್ತಾ ಬರುತ್ತದೆ, ಬಿಚ್ಚಿದರೆ ಬೇಡವಾದದ್ದೇ ಇರುತ್ತದೆ. ಅಲ್ಲಿನ ನೌಕರ ನನಗೆ ಹಳೆಯ ಪರಿಚಯದವನು. ನನ್ನ ಚೀಟಿ ನೋಡಿ, "ಕ್ಯಾ ಮೇಡಂ, ಜಮೀನಾಂ ಛೋಡ್ ಕೇ ಮುರ್ದೋಂ ಕೇ ಪೀಛೇ ಪಡ್ ಗಯೇ?" ಎಂದು ನಕ್ಕ. ಜಮೀನು ಬಿಟ್ಟು ಹೆಣಗಳ ಹಿಂದೆ ಬಿದ್ದಿರಾ ಎಂದು. ನನಗೆ ನಗು ಬರಲಿಲ್ಲ.

ಮೊದಲ ವಾರ ಆ ದಫ್ತರದ ಕಾಗದಗಳು ಯಾವ ಸಾಲಿನಲ್ಲಿವೆಯೆಂದು ತಿಳಿಯುವುದರಲ್ಲೇ ಹೋಯಿತು. ಎರಡನೆಯ ವಾರ ೧೩೨೭ರ ಹಾಜರಿ ಪಟ್ಟಿ ಸಿಕ್ಕಿತು. ಶಿಕಸ್ತಾ ಬರಹ. ಚುಕ್ಕೆ ಇಡದೆ, ಅಕ್ಷರಗಳನ್ನು ಒಂದರೊಳಗೊಂದು ಸಿಕ್ಕಿಸಿ ಅವಸರದಲ್ಲಿ ಬರೆಯುವ ದಫ್ತರದ ಕೈ. ಕಾಕುವಿನ ಅಜ್ಜನ ಹೆಸರು, ಅವನ ತಂದೆಯ ಹೆಸರು, ಊರು ಮೂರೂ ಸರಿಯಿದ್ದವು. ಅಬಾನ್ ಇಪ್ಪತ್ತರವರೆಗೆ ಹಾಜರ್. ಆಮೇಲೆ ಬೀಮಾರ್, ಅಂದರೆ ಕಾಯಿಲೆ. ತಿಂಗಳು ಮುಗಿಯಲು ನಾಲ್ಕು ದಿನವಿದೆ ಎನ್ನುವಾಗ ಫೌತ್. ಅದರ ಮುಂದಿನ ಮನೆಗಳೆಲ್ಲ ಖಾಲಿ.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಪತ್ರ ಸುಳ್ಳಲ್ಲ, ಬೇರೆಯವರದಲ್ಲ. ಕಾಕುವಿಗೆ ಫೋನು ಮಾಡಿ ಹೇಳಿದೆ.

"ಇನ್ನೊಂದು ಸಲ ನೋಡ್ರಿ," ಎಂದರು.

"ಏನು ನೋಡ್ಲಿ ಕಾಕೂ?"

"ನನಗೇನು ಗೊತ್ತಾಗ್ತೈತಿ? ನೀವು ಓದಾವ್ರು. ನೋಡ್ರಿ."

ಫೋನು ಇಟ್ಟ ಮೇಲೆ ನನಗೆ ಅವರ ಮೇಲೆ, ಆ ಎಂಜಿನಿಯರ ಮೇಲೆ, ಸತ್ತ ಗುಮಾಸ್ತನ ಮೇಲೂ ಸಿಟ್ಟು ಬಂತು. ಜಮೀನಿನ ಕೆಲಸಗಳು ಬಾಕಿ ಬಿದ್ದಿದ್ದವು, ವಕೀಲರ ಫೋನು ಬಿಟ್ಟುಬಿಡದೆ ಬರುತ್ತಿತ್ತು. ಆದರೂ ಮೂರು, ನಾಲ್ಕನೆಯ ವಾರ ನಾನು ಹುಚ್ಚಿಯ ಹಾಗೆ ೧೩೨೮ರ ಪಟ್ಟಿಗಳಲ್ಲಿ ಅದೇ ಹೆಸರಿನ ಇನ್ನೊಬ್ಬನನ್ನು ಹುಡುಕಿದೆ. ಬೇರೆ ದಫ್ತರಕ್ಕೆ ಹೋಗಿ ಬದುಕಿದ್ದನೇನೋ, ಫೌತಿ ತಪ್ಪಿ ಬರೆದಿದ್ದರೇನೋ. ಒಂದು ಬಸ್ತಾ ಹುಳ ತಿಂದು ಜರಡಿಯಾಗಿತ್ತು. ಇನ್ನೊಂದು ಹೊಲಿಗೆಗೆ ಹೋಗಿತ್ತು, ಅದು ವಾಪಸು ಬರಲು ಒಂಬತ್ತು ದಿನ ಕಾದೆ. ಬಂದಾಗ ಅದರಲ್ಲಿ ಕುದುರೆ ಲಾಯದ ಹುಲ್ಲಿನ ಲೆಕ್ಕವಿತ್ತು. ಎಡಗಣ್ಣಿನಲ್ಲಿ ಸಾಲುಗಳು ಎರಡೆರಡಾಗಿ ಕಾಣತೊಡಗಿದವು. ಸಂಜೆ ಆಟೋದಲ್ಲಿ ಕುಳಿತರೆ ಮನೆ ಬಂದರೂ ಇಳಿಯಲು ಮನಸ್ಸಾಗುತ್ತಿರಲಿಲ್ಲ. ಈ ವಯಸ್ಸಿನಲ್ಲಿ ಇದೆಲ್ಲ ಯಾತಕ್ಕೆ ಎಂದು ನನ್ನನ್ನೇ ಬೈದುಕೊಂಡೆ.

ಐದನೆಯ ವಾರದ ಮಂಗಳವಾರ. ಮಾಡಲು ಬೇರೇನೂ ಉಳಿಯದೆ ೧೩೨೭ರ ಅಬಾನ್ ತಿಂಗಳ ಬಿಡಿ ಕಾಗದಗಳ ಬಸ್ತಾ ತರಿಸಿದೆ. ಮೇಲೆಯೇ ಒಂದು ಸುತ್ತೋಲೆ. ಊರಿನಲ್ಲಿ ಜ್ವರ ಹಬ್ಬಿದೆ, ದಫ್ತರದಲ್ಲಿ ಇಂತಿಷ್ಟು ಜನ ಹಾಸಿಗೆ ಹಿಡಿದಿದ್ದಾರೆ, ಔಷಧಿ ಇಂಥಲ್ಲಿ ಕೊಡಲಾಗುವುದು. ಜ್ವರದ ಹೆಸರನ್ನು ಯಾರೋ ಗುಮಾಸ್ತ ತನಗೆ ಬಂದಂತೆ ಉರ್ದುವಿನಲ್ಲಿ ಬರೆದಿದ್ದ: ಇನ್‌ಫ್ಲುಯೆಂಜಾ.

ಓದಿ ಬದಿಗಿಟ್ಟೆ. ಮತ್ತೆ ಎತ್ತಿಕೊಂಡೆ.

ಕೊರೊನಾ ಕಾಲದಲ್ಲಿ ಮನೆಯೊಳಗೆ ಕುಳಿತು ಎಲ್ಲರೂ ಕೇಳಿ ಕೇಳಿ ಸಾಕಾದ ಸಂಗತಿ ಅದು. ಆ ಜ್ವರ ಬಂದದ್ದು ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ, ೧೯೧೮ರಲ್ಲಿ. ಹದಿನೇಳರ ಕಾಗದದಲ್ಲಿ ಅದರ ಹೆಸರು ಬರಲು ಹೇಗೆ ಸಾಧ್ಯ?

ಬೆರಳು ಮಡಚಿ ಎಣಿಸಿದೆ. ಫಸಲಿ ವರ್ಷ ಶುರುವಾಗುವುದು ಜನವರಿಯಲ್ಲಲ್ಲ, ಅಜುರ್ ತಿಂಗಳಲ್ಲಿ. ಅಂದರೆ ನಮ್ಮ ಅಕ್ಟೋಬರಿನ ಮೊದಲ ವಾರ. ಐನೂರ ತೊಂಬತ್ತು ಕೂಡಿಸುವುದು ಸರಿಯಾಗುವುದು ಡಿಸೆಂಬರ್ ಮುಗಿಯುವತನಕ ಮಾತ್ರ. ಜನವರಿ ದಾಟಿತೆಂದರೆ ಐನೂರ ತೊಂಬತ್ತೊಂದು. ಅಬಾನ್ ವರ್ಷದ ಕಟ್ಟಕಡೆಯ ತಿಂಗಳು. ೧೩೨೭ರ ಅಬಾನ್ ಮುಗಿದದ್ದು ೧೯೧೮ರ ಅಕ್ಟೋಬರ್ ಆರಂಭಕ್ಕೆ. ಹದಿನೇಳಲ್ಲ, ಹದಿನೆಂಟು. ಅಜ್ಜ ಸತ್ತದ್ದಕ್ಕೂ ಆ ವರ್ಷದ ನವರಾತ್ರಿಯಲ್ಲಿ ಮಗ ಹುಟ್ಟಿದ್ದಕ್ಕೂ ನಡುವೆ ಒಂದು ವರ್ಷವಲ್ಲ, ಹದಿನೈದು ದಿನವೂ ಇಲ್ಲ.

ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ನನ್ನ ಅಪ್ಪ ಉರ್ದು ಶಾಲೆಯ ಮಾಸ್ತರ, ಹನ್ನೆರಡು ತಿಂಗಳ ಹೆಸರನ್ನೂ ಅವರೇ ಬಾಯಿಪಾಠ ಮಾಡಿಸಿದ್ದರು. ಆದರೆ ಜಮೀನಿನ ಕಾಗದದಲ್ಲಿ ತಿಂಗಳನ್ನು ಯಾರೂ ಕೇಳುವುದಿಲ್ಲ. ಅಲ್ಲಿ ೧೯೧೭-೧೮ ಎಂಬಂತೆ ಜೋಡಿ ವರ್ಷ ನಡೆಯುತ್ತದೆ, ಮೊದಲನೆಯದನ್ನು ಬರೆದು ಮುಂದೆ ಹೋಗುವುದು ರೂಢಿ. ಆ ರೂಢಿಯಲ್ಲೇ, ಚಹಾ ಕುಡಿಯುತ್ತ, ಒಬ್ಬ ಬಸುರಿ ಹೆಂಗಸಿನ ಗಂಡನನ್ನು ಒಂದು ವರ್ಷ ಮೊದಲೇ ಸಾಯಿಸಿಬಿಟ್ಟಿದ್ದೆ. ಕಾಕು ಬಂದ ದಿನವೂ ಅಕ್ಷರವನ್ನು ನೋಡಿದೆನೇ ಹೊರತು ಲೆಕ್ಕವನ್ನು ನೋಡಿರಲಿಲ್ಲ. ಅಲ್ಲಿಯೇ ಕಣ್ಣೀರು ಬಂತು. ನೌಕರ ಧೂಳೆಂದುಕೊಂಡು ಕಿಟಕಿ ತೆರೆದ.

ಸುಧಾರಿಸಿಕೊಂಡು ಬಸ್ತಾವನ್ನು ಒಂದೊಂದೇ ಹಾಳೆಯಾಗಿ ನೋಡಿದೆ. ಮಧ್ಯಾಹ್ನ ಮೂರರ ಸುಮಾರಿಗೆ, ಅರ್ಜಿಗಳ ನಡುವೆ, ಕಾಕುವಿನ ಅಜ್ಜನ ಕೈಬರಹ ಸಿಕ್ಕಿತು. ರಜೆಯ ಅರ್ಜಿ. ಹಾಜರಿ ಪಟ್ಟಿಯಲ್ಲಿ ಬೀಮಾರ್ ಎಂದು ಬರುವುದಕ್ಕೆ ಎಂಟು ದಿನ ಮೊದಲಿನದು. ದುಂಡಗೆ, ಚುಕ್ಕೆಗಳನ್ನೆಲ್ಲ ಇಟ್ಟು, ಮೇಲಿನವರು ಓದಲಿ ಎಂದು ನಿಧಾನವಾಗಿ ಬರೆದದ್ದು. ಅಂಚಿನಲ್ಲಿ ಬೇರೆ ಮಸಿಯಲ್ಲಿ ಸಾಹೇಬರ ಹುಕುಂ, ಒಂದೇ ಮಾತು: ನಾಮಂಜೂರ್.

ಈಗ ಏನು ಮಾಡಬೇಕೆಂಬ ಪ್ರಶ್ನೆ ಬಂತು. ಎಂಜಿನಿಯರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕೆಟ್ಟವರಲ್ಲ, ಗಾಬರಿಯಾದರು.

"ಮೇಡಂ, ಭಾಳ ದೊಡ್ಡದು ಮಾಡೂದು ಬ್ಯಾಡ್ರಿ. ಅಚ್ಚಿನ ತಪ್ಪು ಅಂತ ಒಂದು ಚೀಟಿ ಮಾಡ್ಸಿ ಎಲ್ಲಾ ಪುಸ್ತಕಕ್ಕ ಹಚ್ಚಿ ಬಿಡ್ತೀನಿ. ನಿಮ್ಮ ಹೆಸರೂ ಉಳೀತೈತಿ, ನನ್ನ ಹೆಸರೂ ಉಳೀತೈತಿ."

ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ನನ್ನ ತರ್ಜುಮೆಗಳು ಕೋರ್ಟುಗಳಲ್ಲಿವೆ. ವರ್ಷ ಹಾಕುವುದರಲ್ಲಿ ತಪ್ಪಿದ್ದೇನೆಂದು ನನ್ನದೇ ಕೈಯಿಂದ ಬರೆದುಕೊಟ್ಟರೆ ನಾಳೆ ಎದುರು ಪಕ್ಷದ ಯಾವ ವಕೀಲನಾದರೂ ಅದನ್ನು ಎತ್ತಿ ತೋರಿಸುತ್ತಾನೆ. ಎರಡು ದಿನ ಇದನ್ನೇ ತಲೆಯಲ್ಲಿ ಹಾಕಿಕೊಂಡು ತಿರುಗಿದೆ. ಆದರೆ ಮಾಸ್ತರರಾಗಿದ್ದ ಕಾಕುವಿನ ಅಣ್ಣ ಅಚ್ಚಿನ ತಪ್ಪು ಎಂದರೆ ನಂಬುತ್ತಾರೆಯೇ? ಮನೆತನದವರು ಮುದುಕನ ಸಮಾಧಾನಕ್ಕೆ ಚೀಟಿ ಅಂಟಿಸಿದರು ಎಂದೇ ತಿಳಿಯುತ್ತಾರೆ. ಲೆಕ್ಕ ಎಲ್ಲಿ ತಪ್ಪಿತು, ಯಾರು ತಪ್ಪಿದರು ಎಂದು ತೋರಿಸದೆ ಅವರ ಅನುಮಾನ ಹೋಗುವಂತಿರಲಿಲ್ಲ.

ಮೂರನೆಯ ದಿನ ನನ್ನ ಹೆಸರಿರುವ ಕಾಗದದಲ್ಲಿ ಬರೆದೆ: ಮೂರು ವರ್ಷದ ಹಿಂದೆ ನಾನು ಮಾಡಿದ ತರ್ಜುಮೆಯಲ್ಲಿ ಇಸವಿ ತಪ್ಪಾಗಿದೆ, ತಪ್ಪು ನನ್ನದು, ಲೆಕ್ಕ ಹೀಗೆ. ಸಹಿ ಹಾಕಿ ಮೊಹರು ಒತ್ತಿದೆ. ಒಂದು ಪ್ರತಿಯನ್ನು ಎಂಜಿನಿಯರಿಗೆ ಕಳಿಸಿ, ಇದನ್ನೇ ಅಚ್ಚು ಹಾಕಿಸಿ ಅಂಟಿಸಿರಿ ಎಂದೆ. ನನಗೆ ಹೆಚ್ಚು ಕೆಲಸ ಕೊಡುತ್ತಿದ್ದ ವಕೀಲರೊಬ್ಬರಿಗೂ ನಾನೇ ತಿಳಿಸಿದೆ. ಅವರು, "ಇದೆಲ್ಲ ಬರೆದುಕೊಡುವ ಅವಸರ ಏನಿತ್ತಮ್ಮಾ?" ಎಂದು ಕೇಳಿ, ಅದೇ ವಾರ ಫೈಲುಗಳನ್ನು ವಾಪಸು ತರಿಸಿಕೊಂಡರು.

ಅಮಾವಾಸ್ಯೆಯ ಹಿಂದಿನ ದಿನ ಉಪ್ಪಲ್‌ಗೆ ಹೋದೆ. ಬತುಕಮ್ಮ ಹಬ್ಬಕ್ಕೆಂದು ರಸ್ತೆ ಬದಿಯಲ್ಲಿ ಮಾರುವವರು ತಂಗಡಿ ಹೂವಿನ ರಾಶಿ ಹಾಕಿಕೊಂಡು ಕುಳಿತಿದ್ದರು, ನಡೆಯಲು ಜಾಗವಿರಲಿಲ್ಲ. ಮನೆ ಎರಡನೆಯ ಮಹಡಿಯಲ್ಲಿ. ಕಾಕು ಬಾಗಿಲು ತೆರೆದರು. ಅವರಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದ್ದೆ. ಆಗ ಅವರು ಅಂದದ್ದು ಒಂದೇ ಮಾತು, "ಇದನ್ನ ಅಣ್ಣನ ಮುಂದ ನೀವೇ ಬಂದು ಹೇಳ್ರಿ."

ಅಣ್ಣ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು. ತೆಳ್ಳನೆಯ ಜೀವ, ಇಸ್ತ್ರಿ ಮಾಡಿದ ಬಿಳಿ ಅಂಗಿ. ನನ್ನನ್ನು ನೋಡಿ ಎದ್ದು ಒಳಗೆ ಹೋಗಲು ಹೊರಟರು.

"ಕಾಕಾ, ಕುಂದರ್ರಿ. ನಿಮ್ಮ ಪುಸ್ತಕದಾಗಿನ ತಪ್ಪು ಮಾಡಿದಾಕಿ ನಾನು," ಎಂದೆ.

ಕುಳಿತರು. ಕಾಗದ ಪೆನ್ನು ಕೇಳಿದರು. ನಾನು ಹೇಳುತ್ತ ಹೋದಂತೆ ಅವರೇ ಹನ್ನೆರಡು ತಿಂಗಳನ್ನು ಒಂದರ ಕೆಳಗೊಂದು ಬರೆದು, ಪಕ್ಕದಲ್ಲಿ ನಮ್ಮ ತಿಂಗಳು ಬರೆದು, ಜನವರಿಯ ಹತ್ತಿರ ಒಂದು ಗೆರೆ ಎಳೆದು ಲೆಕ್ಕ ಮಾಡಿದರು. ಎರಡು ಸಲ ಮಾಡಿದರು. ಆಮೇಲೆ ಕನ್ನಡಕ ತೆಗೆದರು.

"ಎರಡು ವರ್ಷ ಆ ಮನಷ್ಯಾಗ ನಾ ನೀರು ಬಿಟ್ಟಿಲ್ಲರಿ."

"ನನ್ನ ತಪ್ಪು ಕಾಕಾ."

"ನಿಮ್ಮದ ತಪ್ಪು," ಎಂದರು. ಬೈದಂತಿರಲಿಲ್ಲ, ಉತ್ತರ ಪತ್ರಿಕೆ ತಿದ್ದಿದ ಹಾಗಿತ್ತು. ಪೆನ್ನು ಕೆಳಗಿಟ್ಟು, "ನಂದೂ ತಪ್ಪ. ಆ ಲೆಕ್ಕಾ ನಾ ಯಾಕ ಮಾಡಿ ನೋಡ್ಲಿಲ್ಲ? ಅಚ್ಚಾದದ್ದು ಅಂತ ನಂಬಿಬಿಟ್ಟೆ. ನಮ್ಮಜ್ಜಿ ಬಗ್ಗೆ ನಂಬಿಬಿಟ್ಟೆ," ಎಂದರು.

ಕಾಕು ಅಡುಗೆಮನೆಯ ಬಾಗಿಲಲ್ಲಿ ನಿಂತು ಅಳುತ್ತಿದ್ದರು. ನಾನು ಅರ್ಜಿಯ ಪ್ರತಿ ತೆಗೆದೆ. ಉರ್ದುವಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳುತ್ತ ಓದಿದೆ. 'ಊರಿನಲ್ಲಿ ನನ್ನ ಮನೆಯಾಕೆಗೆ ದಿನ ತುಂಬಿವೆ. ಇದು ಮೊದಲ ಹೆರಿಗೆ. ಆ ಕಡೆಗೂ ಜ್ವರ ಬಂದಿದೆಯೆಂದು ಕಾಗದ ಬಂದಿದೆ. ಆಕೆಯ ತವರಿನಲ್ಲಿ ನೋಡಿಕೊಳ್ಳುವವರು ಕಡಿಮೆ. ಇಪ್ಪತ್ತು ದಿನ ರಜೆ ದಯಪಾಲಿಸಿದರೆ ಮಗುವಿನ ಮುಖ ನೋಡಿ ಅಜುರ್ ಮೊದಲ ವಾರದಲ್ಲಿ ಕೆಲಸಕ್ಕೆ ಹಾಜರಾಗುತ್ತೇನೆ.'

ಅಷ್ಟಕ್ಕೆ ನಿಲ್ಲಿಸಿದೆ. ಅಂಚಿನಲ್ಲಿದ್ದದ್ದನ್ನು ಓದಲಿಲ್ಲ. ಹಾಳೆಯನ್ನು ಮಡಚಲು ನೋಡಿದೆ.

"ರಜಾ ಕೊಟ್ಟರೇನ್ರಿ?" ಎಂದು ಅಣ್ಣ ಕೇಳಿದರು.

ಕಾಕುವಿನ ಕಡೆ ನೋಡಿದೆ. ಅವರೂ ಉತ್ತರಕ್ಕೆ ಕಾಯುತ್ತಿದ್ದರು.

"ಇಲ್ಲ ಕಾಕಾ. ನಾಮಂಜೂರ್ ಅಂತ ಬರದಾರ."

ಅವರು ಕೈ ಚಾಚಿದರು, ಹಾಳೆಯನ್ನು ಕೊಟ್ಟೆ. ಓದಲು ಬಾರದ ಆ ಅಕ್ಷರಗಳ ಮೇಲೆ, ಬಲದಿಂದ ಎಡಕ್ಕೆ, ನಾನು ಓದಿದಂತೆಯೇ ಬೆರಳು ಆಡಿಸಿದರು.

"ಹಂಗಾದ್ರ ಅವ ನಮ್ಮ ಕಡೀಗೇ ಬರಾಕ ಹೊಂಟಿದ್ದ," ಎಂದರು. ತಂಗಿಯ ಕಡೆ ತಿರುಗಿ, "ಮನ್ಯಾಗ ಎಳ್ಳು ಅದಾವೇನು ನೋಡವಾ, ನಾಳಿಗೆ ಬೇಕು," ಎಂದರು.